ಪ್ರಾರ್ಥನೆಯ ಗಂಟೆ

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಪೂರ್ವಭಾಗದಲ್ಲಿ, ಗುಡ್ಡಗಳ ನಡುವೆ, ಮೈನರ್ಸ್‌ವಿಲ್ ಎಂಬ ಸಣ್ಣ ಊರೊಂದಿದೆ. ಹೆಸರೇ ಹೇಳುವಂತೆ ಅದು ಗಣಿಗಾರರ ಊರು. ಒಂದು ಕಾಲಕ್ಕೆ ಆ ಗುಡ್ಡಗಳ ಒಡಲಿನಿಂದ ಹೊರಬಂದ ಗಟ್ಟಿ ಕಲ್ಲಿದ್ದಲು ದೂರದ ಪಟ್ಟಣಗಳ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುತ್ತಿತ್ತು. ಗಣಿಗಳ ವೈಭವ ಮುಗಿದು ದಶಕಗಳೇ ಸಂದಿವೆ. ಪ್ರವಾಸಿಗಳನ್ನು ಕೈಬೀಸಿ ಕರೆಯುವಂಥದು ಅಲ್ಲಿ ಹೆಚ್ಚೇನೂ ಇಲ್ಲ. ಆದರೂ ಶಾಲೆಯ ಬೆಳಗಿನ ಪ್ರಾರ್ಥನೆಯ ಕಥೆಯನ್ನು ತಿಳಿಯಬಯಸುವವರು ಈ ಊರಿನಿಂದಲೇ ಹೊರಡಬೇಕು.

ಅಮೆರಿಕದ ಶಾಲೆಗಳಲ್ಲಿ ಪಾಠ ಆರಂಭವಾಗುವ ಮುನ್ನ ಧ್ವಜವಂದನೆ ಮಾಡಿ ನಿಷ್ಠೆಯ ಪ್ರತಿಜ್ಞೆ ಹೇಳುವುದು ಹಳೆಯ ರೂಢಿ. ಆ ಪ್ರತಿಜ್ಞೆಯನ್ನು ಬರೆದವನು ಫ್ರಾನ್ಸಿಸ್ ಬೆಲಮಿ ಎಂಬ ಪಾದ್ರಿ. ಮೊದಲು ಅಚ್ಚಾದದ್ದು 1892ರಲ್ಲಿ, ಕೊಲಂಬಸನ ಯಾತ್ರೆಯ ನಾನೂರನೆಯ ವರ್ಷದ ಉತ್ಸವಕ್ಕಾಗಿ. ಬರೆದವನು ಪಾದ್ರಿಯಾದರೂ ಅದರಲ್ಲಿ ದೇವರ ಹೆಸರಿರಲಿಲ್ಲ ಎಂಬುದು ಸೋಜಿಗ. ದೇವರು ಆ ವಾಕ್ಯದೊಳಗೆ ಪ್ರವೇಶಿಸಿದ್ದು 1954ರಲ್ಲಿ, ಅದೂ ಶಾಸನದ ಮೂಲಕ! ಪ್ರತಿಜ್ಞೆ ಹೇಳುವಾಗ ಮಕ್ಕಳು ಬಲಗೈಯನ್ನು ಧ್ವಜದ ಕಡೆಗೆ ನೀಳವಾಗಿ ಚಾಚಬೇಕಾಗಿತ್ತು. ಜರ್ಮನಿಯಲ್ಲಿ ಹಿಟ್ಲರನಿಗೆ ಸಲ್ಲುತ್ತಿದ್ದ ವಂದನೆಗೂ ಇದಕ್ಕೂ ನೋಡುವವರ ಕಣ್ಣಿಗೆ ಹೆಚ್ಚಿನ ಭೇದ ಕಾಣುತ್ತಿರಲಿಲ್ಲ. ಈ ಮುಜುಗರವನ್ನು ಅರಿತು ಕೈಯನ್ನು ಎದೆಯ ಮೇಲಿಡುವ ಪದ್ಧತಿಯನ್ನು ತಂದದ್ದು 1942ರ ಡಿಸೆಂಬರಿನಲ್ಲಿ.

1935ರ ಅಕ್ಟೋಬರ್ ತಿಂಗಳಲ್ಲಿ ಮೈನರ್ಸ್‌ವಿಲ್ಲಿನ ಶಾಲೆಯಲ್ಲಿ ಇಬ್ಬರು ಮಕ್ಕಳು ಕೈ ಚಾಚಲಿಲ್ಲ. ತಮ್ಮನಿಗೆ ಹತ್ತು ವರ್ಷ, ಅಕ್ಕ ಲಿಲಿಯನ್ನಳಿಗೆ ಹನ್ನೆರಡು. ಊರಿನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದ ಗೋಬಿಟಸ್ ಎಂಬವರ ಮಕ್ಕಳು ಅವರು. ಮನೆಯವರು 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ದೇವರೊಬ್ಬನ ಹೊರತು ಯಾವ ಪ್ರತೀಕಕ್ಕೂ ವಂದಿಸಬಾರದೆಂಬುದು ಆ ಪಂಥದ ನಿಷ್ಠೆ. ಇದೇ ಪಂಥದವರು ಜರ್ಮನಿಯಲ್ಲಿ ಹಿಟ್ಲರನಿಗೆ ಕೈಯೆತ್ತಲು ಒಪ್ಪದೆ ಸೆರೆಮನೆ ಸೇರುತ್ತಿದ್ದ ಕಾಲವದು. ತಮ್ಮನಾದ ಹುಡುಗ ನವೆಂಬರ್ 5ರಂದು ಶಾಲೆಯ ಆಡಳಿತ ಮಂಡಳಿಗೆ ತನ್ನ ಎಳೆಯ ಕೈಬರಹದಲ್ಲಿ ಪತ್ರ ಬರೆದ. ದೇಶದ ಮೇಲೆ ಪ್ರೀತಿ ಇಲ್ಲದೆ ವಂದಿಸದಿರುವುದಲ್ಲ, ದೇವರ ಮೇಲಿನ ಪ್ರೀತಿ ಅದಕ್ಕಿಂತ ಹೆಚ್ಚು ಎಂಬುದು ಪತ್ರದ ತಾತ್ಪರ್ಯ. ಮರುದಿನವೇ ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ಆ ಕಾಗದ ಇಂದು ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಭದ್ರವಾಗಿದೆ. ಅಂದು ಅದಕ್ಕೆ ದೊರೆತ ಮನ್ನಣೆ ಅಷ್ಟೇ.

ವ್ಯಾಜ್ಯ ಐದು ವರ್ಷ ನಡೆದು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1940ರ ಜೂನ್ 3ರಂದು ತೀರ್ಪು ಹೊರಬಿತ್ತು: ಎಂಟು ನ್ಯಾಯಮೂರ್ತಿಗಳು ಶಾಲೆಯ ಕಡೆಗೆ, ಒಬ್ಬರು ಮಕ್ಕಳ ಕಡೆಗೆ. ತೀರ್ಪನ್ನು ಬರೆದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ವಿಯೆನ್ನಾದಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ವಲಸೆ ಬಂದ ಯಹೂದಿ. ತನ್ನನ್ನು ಮಡಿಲಿಗೆ ತೆಗೆದುಕೊಂಡ ದೇಶದ ಐಕ್ಯವೇ ಅವರಿಗೆ ಮಿಗಿಲಾಗಿ ತೋರಿತು. ಯೂರೋಪಿನಲ್ಲಿ ಫ್ರಾನ್ಸ್ ಕುಸಿಯುತ್ತಿದ್ದ ಆ ವಾರಗಳಲ್ಲಿ ಹಾಗೆ ತೋರಿದ್ದು ಅಚ್ಚರಿಯಲ್ಲ. ಆದರೆ ಫಲ ಭೀಕರವಾಯಿತು. ಆ ಪಂಥದವರು ದೇಶದ್ರೋಹಿಗಳೆಂದು ನ್ಯಾಯಾಲಯವೇ ಹೇಳಿತೆಂಬ ಭಾವನೆಯಿಂದ ಹಲವು ಊರುಗಳಲ್ಲಿ ಗುಂಪುಗಳು ಅವರ ಮೇಲೆ ಬಿದ್ದವು; ಮೇಯ್ನ್ ಸಂಸ್ಥಾನದ ಕೆನೆಬಂಕ್ ಎಂಬಲ್ಲಿ ಅದೇ ತಿಂಗಳು ಅವರ ಪ್ರಾರ್ಥನಾಮಂದಿರಕ್ಕೆ ಬೆಂಕಿ ಬಿತ್ತು.

ಮೂರೇ ವರ್ಷಗಳಲ್ಲಿ ಅದೇ ನ್ಯಾಯಾಲಯ ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡಿತು. ಈ ಸಲದ ಮಕ್ಕಳು ಪಶ್ಚಿಮ ವರ್ಜೀನಿಯಾದ ಚಾರ್ಲ್ಸ್‌ಟನ್ ಪಟ್ಟಣದ ಬಳಿಯ ಬಾರ್ನೆಟ್ ಮನೆತನದ ಇಬ್ಬರು ಅಕ್ಕತಂಗಿಯರು. 1943ರ ಜೂನ್ 14, ಅಮೆರಿಕದ ಧ್ವಜದಿನದಂದೇ, ತೀರ್ಪು ಮಕ್ಕಳ ಪರವಾಗಿ ಬಂದಿತು. ಹಿಂದಿನ ಸಲ ಶಾಲೆಯ ಕಡೆಗಿದ್ದ ಮೂವರು ನ್ಯಾಯಮೂರ್ತಿಗಳು ಮನಸ್ಸು ಬದಲಿಸಿದ್ದರು. ತೀರ್ಪನ್ನು ಬರೆದ ರಾಬರ್ಟ್ ಜ್ಯಾಕ್ಸನ್ನರು ಮುಂದೆ ನ್ಯೂರಂಬರ್ಗಿನಲ್ಲಿ ನಾಜಿ ನಾಯಕರ ವಿರುದ್ಧ ವಾದಿಸಿದವರು. ಯಾವ ಅಧಿಕಾರಿಯೂ, ಅವನು ದೊಡ್ಡವನಿರಲಿ ಸಣ್ಣವನಿರಲಿ, ಪ್ರಜೆಯ ನಂಬಿಕೆ ಹೀಗೆಯೇ ಇರಬೇಕೆಂದು ಕಟ್ಟುಮಾಡಿ ಅದನ್ನು ಅವನ ಬಾಯಿಂದ ಹೇಳಿಸುವಂತಿಲ್ಲ ಎಂಬುದು ಅವರು ಎತ್ತಿಹಿಡಿದ ತತ್ತ್ವ. ಇನ್ನೊಂದು ಸಣ್ಣ ಮಾತು: ಈ ಎರಡು ಮನೆತನಗಳ ಹೆಸರನ್ನೂ ನ್ಯಾಯಾಲಯದ ಗುಮಾಸ್ತರು ತಪ್ಪಾಗಿ ಬರೆದರು. ಕಾನೂನಿನ ಗ್ರಂಥಗಳಲ್ಲಿ ಗೋಬಿಟಸರು ಇಂದಿಗೂ 'ಗೋಬಿಟಿಸ್'. ಬಾರ್ನೆಟ್ಟರ ಹೆಸರಿನ ಕೊನೆಗೆ ಬೇಡದ ಒಂದಕ್ಷರ. ನಂಬಿಕೆಯನ್ನು ಉಳಿಸಿಕೊಂಡವರು ಹೆಸರನ್ನು ಉಳಿಸಿಕೊಳ್ಳಲಾಗಲಿಲ್ಲ.

ಇಷ್ಟಾದ ಮೇಲೆ ಪ್ರಾರ್ಥನೆಯ ಸರದಿ ಬಂದಿತು. ನ್ಯೂಯಾರ್ಕ್ ಸಂಸ್ಥಾನದ ವಿದ್ಯಾಧಿಕಾರಿಗಳು ಇಪ್ಪತ್ತೆರಡು ಪದಗಳ ಪ್ರಾರ್ಥನೆಯೊಂದನ್ನು ಯಾವ ಮತದವರಿಗೂ ನೋವಾಗದಂತೆ ಅಳೆದು ತೂಗಿ ರಚಿಸಿದ್ದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ: ಪ್ರಾರ್ಥನೆ ಬರೆಯುವುದು ಸರ್ಕಾರದ ಕೆಲಸವಲ್ಲವೆಂದಿತು. ಹೀಗಾಗಿ ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯರು ಪ್ರಾರ್ಥನೆ ಮಾಡಿಸುವಂತಿಲ್ಲ. ಪ್ರತಿಜ್ಞೆ ಮಾತ್ರ ಬಹುತೇಕ ಕಡೆ ನಡೆದೇ ಇದೆ.

ಅಟ್ಲಾಂಟಿಕ್ ಸಾಗರವನ್ನು ದಾಟಿದರೆ ಈ ಚಿತ್ರ ಪೂರ್ತಿ ತಲೆಕೆಳಗಾಗುತ್ತದೆ. ಇಂಗ್ಲೆಂಡಿನ ಶಾಲೆಗಳಲ್ಲಿ ರಾಷ್ಟ್ರಗೀತೆ ಹಾಡಬೇಕೆಂಬ ಕಾನೂನಿಲ್ಲ. ಪ್ರಾರ್ಥನೆ ನಡೆಯಬೇಕೆಂಬ ಕಾನೂನು ಇದೆ! 1944ರ ಶಿಕ್ಷಣ ಶಾಸನ ಪ್ರತಿದಿನದ ಸಾಮೂಹಿಕ ಆರಾಧನೆಯನ್ನು ವಿಧಿಸಿತು; 1988ರ ಶಾಸನ, ಆ ಆರಾಧನೆ ಮುಖ್ಯವಾಗಿ ಕ್ರೈಸ್ತ ಸ್ವರೂಪದ್ದಾಗಿರಬೇಕೆಂದು ಸೇರಿಸಿತು. ತಮ್ಮ ಮಕ್ಕಳು ಅದರಲ್ಲಿ ಭಾಗವಹಿಸುವುದು ಬೇಡವೆಂದು ತಂದೆತಾಯಿ ಹೇಳಬಹುದು. ಆಂಗ್ಲರ ಸ್ವಭಾವಕ್ಕೆ ತಕ್ಕಂತೆ, ನಿಯಮ ಪುಸ್ತಕದಲ್ಲಿ ಉಳಿದು ಆಚರಣೆ ಅನೇಕ ಶಾಲೆಗಳಲ್ಲಿ ತೆಳುವಾಗಿದೆ. ಆದರೆ ಎಲ್ಲವೂ ಸುಸೂತ್ರವೆನ್ನುವಂತಿಲ್ಲ. ಲಂಡನ್ನಿನ ಶಾಲೆಯೊಂದರಲ್ಲಿ ಮುಸ್ಲಿಂ ವಿದ್ಯಾರ್ಥಿನಿಯೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ನಮಾಜು ಮಾಡಲು ಅನುಮತಿ ಬೇಡಿ ನ್ಯಾಯಾಲಯಕ್ಕೆ ಹೋದಳು. 2024ರ ಏಪ್ರಿಲಿನಲ್ಲಿ ಸೋತಳು. ಪ್ರಾರ್ಥನೆಯನ್ನು ವಿಧಿಸುವ ಕಾನೂನಿನ ನಾಡಿನಲ್ಲೇ ಪ್ರಾರ್ಥಿಸಬಯಸಿದ ಹುಡುಗಿಗೆ ಜಾಗ ದೊರೆಯಲಿಲ್ಲ.

ಕಡಲ್ಗಾಲುವೆಯ ಆಚೆ ಫ್ರಾನ್ಸಿನಲ್ಲಿ ದೇವರಿಗೆ ಸರ್ಕಾರಿ ಶಾಲೆಯ ಬಾಗಿಲು 1882ರಲ್ಲೇ ಮುಚ್ಚಿತು. ಆದರೆ ಅದೇ ದೇಶದ ಸ್ಟ್ರಾಸ್‌ಬರ್ಗಿನಲ್ಲಿ ಇಳಿದವನಿಗೆ ಸರ್ಕಾರಿ ಶಾಲೆಯಲ್ಲೇ ಮತಬೋಧೆಯ ತರಗತಿ ಕಾಣುತ್ತದೆ. ಕಾರಣ ಸರಳ. ರಾಜ್ಯವನ್ನೂ ಚರ್ಚನ್ನೂ ಬೇರ್ಪಡಿಸಿದ 1905ರ ಶಾಸನ ಬಂದಾಗ ಆ ಪ್ರದೇಶ ಜರ್ಮನಿಯ ವಶದಲ್ಲಿತ್ತು; ಮರಳಿ ಬಂದಾಗ ಹಳೆಯ ಪದ್ಧತಿಯನ್ನು ಯಾರೂ ಮುಟ್ಟಲಿಲ್ಲ. ಗಡಿಯ ಗೆರೆ ಅತ್ತಿತ್ತ ಸರಿದರೆ ಮಗುವಿನ ವೇಳಾಪಟ್ಟಿಯೂ ಬದಲಾಗುತ್ತದೆ.

ಅಮೆರಿಕ, ಇಂಗ್ಲೆಂಡುಗಳಲ್ಲಿ ಪ್ರಶ್ನೆ ಮಕ್ಕಳದಾಗಿತ್ತು. ಜಪಾನಿನಲ್ಲಿ ಅದು ಉಪಾಧ್ಯಾಯರದು. ಆ ದೇಶದ ಸಂವಿಧಾನ ಸರ್ಕಾರಿ ಶಾಲೆಯಲ್ಲಿ ಮತಬೋಧೆಯನ್ನು ನಿಷೇಧಿಸಿದೆ, ಉಳಿದಿರುವುದು ಗೀತೆಯೊಂದೇ. 'ಕಿಮಿಗಾಯೊ' ಎಂಬ ಅವರ ರಾಷ್ಟ್ರಗೀತೆ ಐದೇ ಸಾಲಿನದು. ಅದರ ಮೂಲ ಸಾವಿರ ವರ್ಷಕ್ಕೂ ಹಿಂದಿನ ಕಾವ್ಯಸಂಕಲನವೊಂದರಲ್ಲಿದೆ. ಆದರೆ ಚಕ್ರವರ್ತಿಯ ಹೆಸರಿನಲ್ಲಿ ತಾವು ಕಲಿಸಿದ ಹುಡುಗರನ್ನೇ ಯುದ್ಧಕ್ಕೆ ಕಳುಹಿಸಿಕೊಟ್ಟ ಪಶ್ಚಾತ್ತಾಪ ಅಲ್ಲಿಯ ಉಪಾಧ್ಯಾಯರಲ್ಲಿ ಆಳವಾಗಿ ಉಳಿದಿತ್ತು. ಅನೇಕರಿಗೆ ಆ ಐದು ಸಾಲು ಗಂಟಲಿನಿಂದ ಹೊರಡಲೊಲ್ಲದು.

ಹಿರೋಶಿಮಾ ಪ್ರಾಂತದ ಸೆರಾ ಎಂಬಲ್ಲಿ ಪ್ರೌಢಶಾಲೆಯೊಂದಿದೆ. 1999ರ ಫೆಬ್ರವರಿ ಕೊನೆಯಲ್ಲಿ ಅಲ್ಲಿಯ ಮುಖ್ಯೋಪಾಧ್ಯಾಯರು ಇಕ್ಕಟ್ಟಿಗೆ ಸಿಕ್ಕಿದ್ದರು. ಸಮಾರೋಪ ಸಮಾರಂಭದಲ್ಲಿ ಗೀತೆಯನ್ನು ಹಾಡಿಸಲೇಬೇಕೆಂದು ಮೇಲಿನವರ ಒತ್ತಾಯ. ಕೂಡದೆಂದು ಸಹೋದ್ಯೋಗಿಗಳ ಹಟ. ಸಮಾರಂಭದ ಹಿಂದಿನ ದಿನ ಅವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಧ್ವಜವನ್ನೂ ಗೀತೆಯನ್ನೂ ಅಧಿಕೃತಗೊಳಿಸುವ ಶಾಸನ ಬಂದಿತು. ಯಾರೂ ಹಾಡಲೇಬೇಕೆಂದು ಶಾಸನದಲ್ಲಿ ಬರೆದಿಲ್ಲ. ಬರೆದದ್ದು ಟೋಕಿಯೋದ ಶಿಕ್ಷಣ ಮಂಡಳಿ: ಉಪಾಧ್ಯಾಯರು ಧ್ವಜಕ್ಕೆ ಎದುರಾಗಿ ನಿಂತು ಹಾಡತಕ್ಕದ್ದು ಎಂದು 2003ರ ಅಕ್ಟೋಬರಿನಲ್ಲಿ ಆಜ್ಞೆ ಹೊರಡಿಸಿತು. ಕುಳಿತೇ ಉಳಿದ ನೂರಾರು ಮಂದಿಗೆ ಶಿಕ್ಷೆಯಾಯಿತು. ಎದ್ದು ನಿಲ್ಲುವಂತೆ ಆಜ್ಞಾಪಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿತು. ಮರುವರ್ಷ, ಸಂಬಳ ಕಡಿತದಂಥ ಕಠಿನ ಶಿಕ್ಷೆ ವಿಧಿಸುವ ಮುನ್ನ ಯೋಚಿಸಿರೆಂದೂ ಹೇಳಿತು. ಅದೇ 2012ರಲ್ಲಿ ಒಸಾಕಾದ ಶಾಲೆಯೊಂದರಲ್ಲಿ, ಎದ್ದು ನಿಂತ ಉಪಾಧ್ಯಾಯರ ತುಟಿಗಳು ನಿಜವಾಗಿ ಅಲುಗುತ್ತಿವೆಯೇ ಎಂದು ಪರೀಕ್ಷಿಸಿ ನೋಡಿದರು! ತುಟಿಯನ್ನು ನೋಡಬಹುದು, ಅದರ ಹಿಂದಿರುವುದನ್ನು ನೋಡಲು ಯಾವ ಮಂಡಳಿಗೂ ಉಪಾಯ ದೊರೆತಿಲ್ಲ.

ಜಪಾನಿನಿಂದ ಭಾರತಕ್ಕೆ ಬರುವವರು ಮೊದಲು ಮದನಪಲ್ಲಿಯಲ್ಲಿ ಒಂದು ಗಳಿಗೆ ನಿಲ್ಲಬೇಕು. ಕೋಲಾರ ಜಿಲ್ಲೆಯ ಕಡೆಯವರಿಗೆ ಆಂಧ್ರದ ಈ ಊರು ನೆರೆಮನೆಯಿದ್ದಂತೆ. ಅಲ್ಲಿ ಆನಿ ಬೆಸೆಂಟರ ಹೆಸರಿನ ಥಿಯಸಾಫಿಕಲ್ ಕಾಲೇಜಿದೆ. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿ ತಂಗಿದ್ದಾಗ ತಮ್ಮ 'ಜನ ಗಣ ಮನ'ವನ್ನು ಹಾಡಿದರು. ಪ್ರಾಂಶುಪಾಲರ ಪತ್ನಿ ಮಾರ್ಗರೆಟ್ ಕಸಿನ್ಸ್ ಅದಕ್ಕೆ ಸ್ವರಲಿಪಿ ಬರೆದುಕೊಂಡರು. ಕಾಲೇಜು ಆ ಹಾಡನ್ನು ತನ್ನ ಪ್ರಾರ್ಥನಾಗೀತೆಯಾಗಿ ಸ್ವೀಕರಿಸಿತು. ಅದು ರಾಷ್ಟ್ರಗೀತೆಯಾದದ್ದು 1950ರ ಜನವರಿ 24ರಂದು. ಪ್ರಾರ್ಥನೆಗೂ ರಾಷ್ಟ್ರಗೀತೆಗೂ ನಡುವೆ ಗೆರೆ ಎಳೆಯಹೊರಟವರಿಗೆ ಈ ಊರು ಸ್ವಲ್ಪ ತೊಡಕನ್ನು ತಂದೊಡ್ಡುತ್ತದೆ.

ಇನ್ನು ಕೇರಳದ ಕಿಡಂಗೂರು. ಕೋಟ್ಟಯಂ ಜಿಲ್ಲೆಯಲ್ಲಿ, ಮೀನಚ್ಚಿಲ್ ನದಿಯ ದಂಡೆಯ ಮೇಲೆ, ರಬ್ಬರು ತೋಟಗಳ ಸೀಮೆಯ ಹಸುರು ಊರು. ಅಲ್ಲಿಯ ಸುಬ್ರಹ್ಮಣ್ಯ ದೇವಾಲಯ ಪ್ರಸಿದ್ಧ. ಸುತ್ತಮುತ್ತ ಚರ್ಚುಗಳೂ ಹೇರಳ. ಗುಡಿಯ ಗಂಟೆಯೂ ಚರ್ಚಿನ ಗಂಟೆಯೂ ತಲೆತಲಾಂತರದಿಂದ ಒಂದನ್ನೊಂದು ಕೇಳಿಸಿಕೊಂಡು ಬಂದ ನಾಡು ಅದು. ಇಲ್ಲಿಯ ಪ್ರೌಢಶಾಲೆಯಲ್ಲಿ ಎಮ್ಯಾನುಯೆಲ್ ಎಂಬವರ ಮೂವರು ಮಕ್ಕಳು, ಒಬ್ಬ ಅಣ್ಣ ಮತ್ತು ಇಬ್ಬರು ತಂಗಿಯರು, ಓದುತ್ತಿದ್ದರು. ಮೈನರ್ಸ್‌ವಿಲ್ಲಿನ ಮಕ್ಕಳ ಪಂಥವೇ ಇವರದೂ. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಮೊಳಗುವಾಗ ಎಲ್ಲರೊಡನೆ ಸಾಲಿನಲ್ಲಿ ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಹಾಡಿನ ಪದಗಳ ಮೇಲಾಗಲಿ ಭಾವದ ಮೇಲಾಗಲಿ ಅವರಿಗೆ ಆಕ್ಷೇಪವಿರಲಿಲ್ಲ. ಹಾಡುವ ಕ್ರಿಯೆಯೇ ತಮ್ಮ ಧರ್ಮಕ್ಕೆ ಸಲ್ಲದೆಂಬುದು ಅವರ ನಂಬಿಕೆ. ಇವರಿಗಿಂತ ಮೊದಲು ಇವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೆಯೇ ಮೌನವಾಗಿ ನಿಂತು ಓದು ಮುಗಿಸಿ ಹೋಗಿದ್ದರು. ಯಾರೂ ಏನೂ ಅಂದಿರಲಿಲ್ಲ.

1985ರ ಜುಲೈಯಲ್ಲಿ ಶಾಸಕರೊಬ್ಬರ ಗಮನಕ್ಕೆ ಈ ಮೌನ ಬಿದ್ದಿತು. ವಿಷಯ ವಿಧಾನಸಭೆಗೆ ಹೋಯಿತು. ವಿಚಾರಣಾ ಸಮಿತಿ ಬಂದಿತು. ಮಕ್ಕಳು ನಡತೆಯಲ್ಲಿ ಒಳ್ಳೆಯವರು, ಗೀತೆಗೆ ಅಗೌರವ ತೋರಿದವರಲ್ಲವೆಂದು ವರದಿಯನ್ನೂ ಕೊಟ್ಟಿತು. ಆದರೂ ಮೇಲಿನ ಅಧಿಕಾರಿಯ ಸೂಚನೆಯಂತೆ ಜುಲೈ 26ರಂದು ಮೂವರ ಹೆಸರನ್ನೂ ಶಾಲೆಯಿಂದ ತೆಗೆದುಹಾಕಲಾಯಿತು. ಸರ್ಕಾರದ ಕೊನೆಯ ತೀರ್ಮಾನ ಬರುವವರೆಗಾದರೂ ಮಕ್ಕಳು ತರಗತಿಯಲ್ಲಿ ಕುಳಿತುಕೊಳ್ಳಲೆಂದು ತಂದೆ ಬೇಡಿಕೊಂಡರು. ಮುಖ್ಯೋಪಾಧ್ಯಾಯಿನಿ ತಾನು ನಿಸ್ಸಹಾಯಕಳೆಂದರು. ಈ ಪ್ರಕರಣದಲ್ಲಿ ಕೆಟ್ಟವರೆಂದು ಬೊಟ್ಟುಮಾಡಿ ತೋರಿಸಲು ಯಾರೂ ಸಿಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಲಿನವರ ಮಾತನ್ನು ಪಾಲಿಸಿದರು. ಮಕ್ಕಳೂ ಅದನ್ನೇ ಮಾಡಿದ್ದರು, ಅವರ ಮೇಲಿನವನು ಬೇರೆ ಅಷ್ಟೆ.

ಕೇರಳದ ಉಚ್ಚ ನ್ಯಾಯಾಲಯ ಗೀತೆಯ ಪದಪದವನ್ನೂ ಪರಿಶೀಲಿಸಿ, ಯಾರ ಮತಕ್ಕೂ ನೋವಾಗುವ ಮಾತು ಇದರಲ್ಲಿ ಇಲ್ಲವೆಂದು ಮಕ್ಕಳ ಅರ್ಜಿಯನ್ನು ತಳ್ಳಿಹಾಕಿತು. ದೆಹಲಿಯಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರೂ ಎಂ. ಎಂ. ದತ್ತರೂ, ಪ್ರಶ್ನೆ ಅದಲ್ಲ ಎಂದರು. ನಂಬಿಕೆ ನಮಗೆ ಸರಿಯಾಗಿ ತೋರುತ್ತದೆಯೇ ಎಂದಲ್ಲ, ಅದು ಪ್ರಾಮಾಣಿಕವಾಗಿ ಇದೆಯೇ ಎಂದು ನೋಡಬೇಕು. ರಾಷ್ಟ್ರಗೌರವವನ್ನು ಕುರಿತ 1971ರ ಶಾಸನ ಹಾಡುವವರಿಗೆ ಅಡ್ಡಿಮಾಡುವುದನ್ನು ಅಪರಾಧವೆನ್ನುತ್ತದೆ. ಹಾಡಲೇಬೇಕೆಂದು ಯಾವ ಶಾಸನವೂ ಹೇಳುವುದಿಲ್ಲ. ಎದ್ದು ನಿಂತ ಮೇಲೆ ಗೌರವ ಸಂದಿತು. ಚಾರ್ಲ್ಸ್‌ಟನ್ನಿನ ಅಕ್ಕತಂಗಿಯರ ತೀರ್ಪು ನಾಲ್ವತ್ತಮೂರು ವರ್ಷಗಳ ಬಳಿಕ ಈ ಮೂವರ ನೆರವಿಗೆ ಬಂದಿತು; 1945ರಲ್ಲಿ ಕೆನಡಾದ ಆಂಟೇರಿಯೋ ನ್ಯಾಯಾಲಯ ಇಂಥದೇ ಮಕ್ಕಳಿಗೆ ಕೊಟ್ಟ ತೀರ್ಪೂ ಅದರ ಜೊತೆಗೂಡಿತು. ಗಣಿಯೂರಿನ ದಿನಸಿ ಅಂಗಡಿಯಿಂದ ಹೊರಟ ವಾದ ಮೀನಚ್ಚಿಲ್ ದಂಡೆಯನ್ನು ಮುಟ್ಟಿದ್ದು ಹೀಗೆ. ಕೇರಳದಂತೆ ಕರ್ನಾಟಕದ ಶಾಲೆಗಳಿಗೂ ಅಂದಿನಿಂದ ಅದೇ ಕಾನೂನು.

ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಬೇಕು, ಅವರ ಓದಿಗೆ ಅಡ್ಡಿಯಾಗಬಾರದು, ಬೇಕಾದ ಅನುಕೂಲಗಳನ್ನು ಒದಗಿಸಬೇಕು ಎಂದು ಆಜ್ಞೆಯಾಯಿತು. ಅದು 1986ರ ಆಗಸ್ಟ್ 11. ಹೆಸರು ತೆಗೆದ ದಿನ ಹಿರಿಯ ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಅವನ ಓರಗೆಯವರು ಆ ವೇಳೆಗೆ ಪರೀಕ್ಷೆ ಬರೆದು, ಫಲಿತಾಂಶವನ್ನೂ ನೋಡಿಕೊಂಡು, ಶಾಲೆ ಬಿಟ್ಟು ಹೋಗಿದ್ದರು.