ಕಾಡಿನಲ್ಲಿ ಬಿಟ್ಟ ಬೇಟೆಯ ಸಾಮಾನು

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಡುವ ರೈಲುದಾರಿಯು ಯಲಹಂಕ, ದೊಡ್ಡಬಳ್ಳಾಪುರಗಳನ್ನು ದಾಟಿದ ಬಳಿಕ ಸಮತಟ್ಟಾದ ರಾಗಿಯ ಹೊಲಗಳನ್ನು ಹಿಂದಕ್ಕೆ ಬಿಟ್ಟು, ಬಂಡೆಗಲ್ಲಿನ ಬೆಟ್ಟಗಳ ನಡುವೆ ಬಳಸಿ ಬಳಸಿ ಸಾಗುವುದು. ಅಲ್ಲಿ ಮಾಕಳಿದುರ್ಗವೆಂಬ ಸಣ್ಣ ನಿಲ್ದಾಣವೊಂದುಂಟು. ಇಳಿದು ತಲೆಯೆತ್ತಿ ನೋಡಿದರೆ ಅದೇ ಹೆಸರಿನ ಬೆಟ್ಟವೂ, ಅದರ ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯ ಗೋಡೆಗಳೂ ಕಣ್ಣಿಗೆ ಬೀಳುವುವು. ಸಮೀಪದಲ್ಲಿಯೇ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವಿರುವುದು. ಅಲ್ಲಿಯ ನಾಗರಕಲ್ಲುಗಳನ್ನೂ ದನಗಳ ಜಾತ್ರೆಯನ್ನೂ ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ದೇವಸ್ಥಾನಕ್ಕೆ ಹೋಗಿ ಪ್ರಸಾದ ತೆಗೆದುಕೊಂಡು ಮರಳುವವರಿಗೆ ಸುತ್ತಣ ಕಾಡು ಬರಿಯ ಕುರುಚಲಾಗಿ ತೋರುವುದು ಸಹಜವೇ. ಆದರೆ ಆ ಕುರುಚಲಿಗೆ ತನ್ನದೇ ಆದ ಸಂಸಾರವಿದೆ. ಅಲ್ಲಿ ಸಂಚರಿಸಿದಾಗ ನಾವು ಕಂಡುದನ್ನೂ ಕೇಳಿದುದನ್ನೂ ಇಲ್ಲಿ ಅರಿಕೆ ಮಾಡುತ್ತೇವೆ.

೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಏರ್ಪಟ್ಟಿತು. ೨೦೦೭ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಮೇಲೆ ಅದರ ಪಾಲಿಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದುವು. ಹೊಸಕೋಟೆಯ ಕಡೆ ಕೆರೆಯೂ ಬಯಲೂ ಹೆಚ್ಚು. ದೇವನಹಳ್ಳಿಯಲ್ಲಿ ೨೦೦೮ರಲ್ಲಿ ವಿಮಾನ ನಿಲ್ದಾಣವು ತೆರೆದಂದಿನಿಂದ ನೆಲದ ಬೆಲೆ ಆಕಾಶಕ್ಕೇರಿತು. ಕಾಡೆಂಬುದು ಉಳಿದಿರುವುದು ಮುಖ್ಯವಾಗಿ ದೊಡ್ಡಬಳ್ಳಾಪುರದ ಬೆಟ್ಟಸಾಲಿನಲ್ಲಿಯೂ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಸುತ್ತಮುತ್ತಲೂ. ಕಗ್ಗಲಿ, ಜಾಲಿ, ಹೊಂಗೆ, ಕಾಡುಸೀತಾಫಲ, ನಡುನಡುವೆ ಸರ್ಕಾರದವರು ನೆಡಿಸಿದ ನೀಲಗಿರಿ, ಎಲ್ಲೆಲ್ಲಿಯೂ ಹಬ್ಬಿದ ಲಂಟಾನದ ಪೊದೆ, ಇವೇ ಇಲ್ಲಿಯ ಸಸ್ಯಸಂಪತ್ತು. ಮೊಲ, ಮುಳ್ಳುಹಂದಿ, ಕಾಡುಹಂದಿ, ನವಿಲು, ರಾತ್ರಿಯಲ್ಲಿ ಮಾತ್ರ ಹೊರಬರುವ ಕಾಡುಪಾಪ, ಇವೆಲ್ಲಕ್ಕೂ ಮೇಲೆ ಚಿರತೆ. ಬೆಂಗಳೂರಿನ ಸುತ್ತಣ ಕಾಡು ಬೆಟ್ಟಗಳಲ್ಲಿ ಸುಮಾರು ೮೦ರಿಂದ ೮೫ ಚಿರತೆಗಳಿವೆಯೆಂದು ಹೊಳೆಮತ್ತಿ ನೇಚರ್ ಫೌಂಡೇಶನ್ ಸಂಸ್ಥೆಯವರು ೨೦೨೫ರಲ್ಲಿ ಪ್ರಕಟಿಸಿದರು. ಕೋಟ್ಯಂತರ ಜನರಿರುವ ರಾಜಧಾನಿಯ ಮಗ್ಗುಲಲ್ಲಿ ಇಷ್ಟು ಚಿರತೆಗಳು ಸದ್ದಿಲ್ಲದೆ ಬಾಳುತ್ತಿರುವುದು ಆಶ್ಚರ್ಯವಲ್ಲವೆ?

ಕನ್ನಡನಾಡಿಗೆ ಬೇಟೆಯೇನೂ ಹೊಸದಲ್ಲ. ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲು ಕಾಳಿಯೆಂಬ ಬೇಟೆನಾಯಿಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೆರನೆಂಬ ವೀರನು ಆ ನಾಯಿಯನ್ನೇ ಬೇಡಿ ಪಡೆದನಂತೆ. ಅದು ದೊಡ್ಡದೊಂದು ಹಂದಿಯೊಡನೆ ಕಾದಾಡಿ, ಹಂದಿಯೂ ತಾನೂ ಕೂಡಿಯೇ ಸತ್ತುವು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಅಂದಿನ ಬೇಟೆಗೆ ನಾಯಿ, ಈಟಿ, ಬಲೆ ಇವೇ ಸಾಧನಗಳು. ಬಲೆಯನ್ನೂ ಉರುಲನ್ನೂ ಬೇಟೆಗಾರನು ಹೊತ್ತುಕೊಂಡು ತಿರುಗುವಂತಿಲ್ಲ. ಸಂಜೆ ಒಡ್ಡಿ ಮನೆಗೆ ಬಂದು, ಮುಂಜಾನೆ ಹೋಗಿ ನೋಡಬೇಕು. ಇಡೀ ರಾತ್ರಿ ಆ ಸಾಮಾನು ಕಾಡಿನ ಕೈಯಲ್ಲಿ. ಬಲೆ ಒಬ್ಬನದು, ಬಿದ್ದ ಮೊಲ ಇನ್ನೊಬ್ಬನದು ಎಂದಾಗಿ ಊರ ಕಟ್ಟೆಯ ಮೇಲೆ ಪಂಚಾಯಿತಿ ನಡೆಯುತ್ತಿದ್ದುದನ್ನು ಘಾಟಿಯ ಸಮೀಪದ ಹಳ್ಳಿಯೊಂದರಲ್ಲಿ ವೃದ್ಧರೊಬ್ಬರು ನಮಗೆ ನಗುನಗುತ್ತ ಹೇಳಿದರು.

ಮೈಸೂರು ಸಂಸ್ಥಾನದಲ್ಲಿ ೧೯೦೧ರಲ್ಲಿಯೇ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡುವ ಕಾಯಿದೆಯೊಂದು ಬಂದಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದರೋ ಬೇಟೆಯ ಬಾಗಿಲನ್ನೇ ಮುಚ್ಚಿತು. ಕೊಲ್ಲುವುದಷ್ಟೇ ಅಲ್ಲ, ಉರುಲೊಡ್ಡುವುದೂ ಬಲೆ ಹಾಕುವುದೂ ಅದಕ್ಕೆ ಪ್ರಯತ್ನಿಸುವುದೂ ಆ ಕಾಯಿದೆಯ ಮಾತಿನಲ್ಲಿ ಬೇಟೆಯೇ. ಹಕ್ಕಿಪಿಕ್ಕಿಯವರಂತೆ ತಲೆತಲಾಂತರದಿಂದ ಹಕ್ಕಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದವರು ಇದರಿಂದ ಬಹಳ ಕಷ್ಟಕ್ಕೆ ಸಿಕ್ಕಿದರೆಂಬುದನ್ನು ಮರೆಯಲಾಗದು.

ಈಗ ಕಾಡಿನಲ್ಲಿ ನ್ಯಾಯವಾಗಿ ಬಿಟ್ಟುಬರುವ ಬೇಟೆಯ ಸಾಮಾನು ಒಂದೇ. ಅದರ ಹೆಸರು ಕ್ಯಾಮೆರಾ ಟ್ರ್ಯಾಪ್. ಟ್ರ್ಯಾಪೆಂದರೆ ಬೋನು, ಆದರೆ ಈ ಬೋನು ಪ್ರಾಣಿಯನ್ನು ಬಿಟ್ಟು ಅದರ ಚಿತ್ರವನ್ನು ಮಾತ್ರ ಹಿಡಿಯುವುದು. ಪುಸ್ತಕದಷ್ಟಿರುವ ಪೆಟ್ಟಿಗೆಯನ್ನು ಮಂಡಿಯೆತ್ತರಕ್ಕೆ ಮರಕ್ಕೆ ಕಟ್ಟುವರು. ಬಿಸಿರಕ್ತದ ಜೀವಿಯೊಂದು ಮುಂದೆ ಸುಳಿದರೆ ಅದರ ಮೈಯ ಶಾಖವನ್ನು ಗುರುತಿಸಿ ಯಂತ್ರವು ತಾನಾಗಿಯೇ ಚಿತ್ರ ತೆಗೆದು, ದಿನಾಂಕವನ್ನೂ ಹೊತ್ತನ್ನೂ ಬರೆದಿಡುವುದು. ೧೯೨೦ರ ದಶಕದಲ್ಲಿ ಚಾಂಪಿಯನ್ ಎಂಬ ಅರಣ್ಯಾಧಿಕಾರಿಯು ಉತ್ತರ ಹಿಂದೂಸ್ಥಾನದ ಕಾಡಿನಲ್ಲಿ ಹಾದಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯು ಅದನ್ನು ಮೆಟ್ಟಿದಾಗ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ್ದನು. ೧೯೯೦ರ ದಶಕದ ಆರಂಭದಲ್ಲಿ ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಇಂತಹ ಕ್ಯಾಮೆರಾಗಳಿಂದ ಹುಲಿಗಳನ್ನು ಎಣಿಸುವ ಶಾಸ್ತ್ರೀಯ ಕ್ರಮವನ್ನು ಬಳಕೆಗೆ ತಂದರು. ಅನಂತರ ಈ ಕ್ರಮವು ಚಿರತೆಗಳ ಗಣನೆಗೂ ವಿಸ್ತರಿಸಿತು.

ಹಗಲೂ ರಾತ್ರಿಯೂ ಕಾಡಿನಲ್ಲಿರುವ ಈ ಸಾಮಾನಿಗೆ ಕಳ್ಳರ ಕಾಟ ತಪ್ಪಿದ್ದಲ್ಲ. ಕರ್ನಾಟಕದ ಕಾಡುಗಳಲ್ಲಿ ಈ ಕೆಲಸ ಮಾಡುವವರೆಲ್ಲರಿಗೂ ಇದರ ಅನುಭವವುಂಟು. ಆ ಬೆಟ್ಟಸಾಲಿನ ಒಂದು ಕಣಿವೆಯಲ್ಲಿ ಕಾವಲುಗಾರರೊಬ್ಬರ ಜೊತೆ ನಡೆಯುತ್ತಿದ್ದಾಗ ಅವರು ಹಾದಿಯ ಪಕ್ಕದ ಒಂದು ಮೋಟನ್ನು ನಮಗೆ ತೋರಿಸಿದರು. ತೋಳುಗಾತ್ರದ ಜಾಲಿಯ ಮರವನ್ನು ಮಚ್ಚಿನಿಂದ ಕಡಿದ ಗುರುತು ಇನ್ನೂ ಹಸಿಯಾಗಿತ್ತು.

“ಬೀಗ ಒಡೆಯೋಕೆ ಆಗಲಿಲ್ಲ ಸ್ವಾಮಿ, ಮರಾನೇ ಕಡಿದು ಸರಪಣಿ ಸಮೇತ ಮೇಲಕ್ಕೆ ಎತ್ತಿಕೊಂಡು ಹೋಗಿದ್ದಾರೆ” ಎಂದರು.

“ಎದುರಿನ ಮರದಲ್ಲಿ ಇನ್ನೊಂದಿದೆಯಲ್ಲ, ಅದರಲ್ಲಿ ಕಳ್ಳನ ಮುಖ ಬೀಳಲಿಲ್ಲವೆ?” ಎಂದು ಕೇಳಿದೆವು.

“ಬಿದ್ದಿದೆ ಸ್ವಾಮಿ, ಆದರೆ ಬೆನ್ನು ಮಾತ್ರ. ತಲೆಗೆ ಟವಲು ಸುತ್ತಿಕೊಂಡಿದ್ದ. ನಮ್ಮೂರಲ್ಲಿ ಅಂಥಾ ಟವಲು ಎಲ್ಲರ ಹೆಗಲ ಮೇಲೂ ಇದೆ. ಯಾರನ್ನ ಅಂತ ಹಿಡಿಯೋದು? ಪೆಟ್ಟಿಗೆ ಹೋದರೆ ಹೋಗಲಿ, ಅದರೊಳಗೆ ಇಪ್ಪತ್ತು ರಾತ್ರಿ ಇತ್ತು.”

ಆ ಕಡೆಯ ಮಾತು ನಮ್ಮ ಮನಸ್ಸಿನಲ್ಲಿ ಬಹುಕಾಲ ನಿಂತಿತು. ಪೆಟ್ಟಿಗೆಯನ್ನು ಹಣ ಕೊಟ್ಟು ಮತ್ತೆ ತರಬಹುದು. ಕಳೆದ ಇಪ್ಪತ್ತು ರಾತ್ರಿಗಳನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಚಿರತೆಯ ಮೈಮೇಲಿನ ಕಪ್ಪುಹೂಗಳು ನಮ್ಮ ಬೆರಳ ಗುರುತಿನಂತೆ, ಒಂದರಂತೆ ಇನ್ನೊಂದಿಲ್ಲ. ಒಂದೇ ಚಿರತೆಯ ಎಡಮಗ್ಗುಲಿನ ವಿನ್ಯಾಸವೂ ಬಲಮಗ್ಗುಲಿನದೂ ಬೇರೆ ಬೇರೆ. ಆದುದರಿಂದಲೇ ಹಾದಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾಗಳನ್ನು ಕಟ್ಟುವರು. ಒಂದು ಕಳುವಾದರೆ ಉಳಿದುದು ಅರ್ಧಸಾಕ್ಷಿ ಮಾತ್ರ: ಇಂದು ಎಡಮಗ್ಗುಲು ತೋರಿದ ಚಿರತೆಯೂ ನಾಳೆ ಮರಳುವಾಗ ಬಲಮಗ್ಗುಲು ತೋರಿದ ಚಿರತೆಯೂ ಒಂದೆಯೋ ಎರಡೋ ಹೇಳುವುದು ಕಷ್ಟ. ಒಂದು ಬೆಟ್ಟದಲ್ಲಿ ಕಲ್ಲುಗಣಿ ತೆರೆಯಬೇಕೆಂದು ಯಾರಾದರೂ ಕೇಳಿ, ಅಲ್ಲಿ ಕಾಡುಪ್ರಾಣಿಯೇ ಇಲ್ಲವೆಂದು ವಾದಿಸಿದರೆ, ಇಂತಹ ಚಿತ್ರವೇ ಮೂಕಪ್ರಾಣಿಯ ಪರವಾದ ಸಾಕ್ಷಿ. ಪೆಟ್ಟಿಗೆಯ ಜೊತೆಗೆ ಆ ಸಾಕ್ಷಿಯೂ ಕಳುವಾಗುವುದು.

ಹಾಗಾದರೆ ಕದಿಯುವವರು ಯಾರು? ಬೆಲೆಬಾಳುವ ವಸ್ತುವೆಂದು ಒಯ್ಯುವವರು ಕೆಲವರು; ಪೇಟೆಯಲ್ಲಿ ಅದನ್ನು ಕೊಳ್ಳುವವರಿಲ್ಲವೆಂಬುದು ಅವರಿಗೆ ಆಮೇಲೆ ತಿಳಿಯುವುದು. ಉರುಲಿಡುವವರು ಇನ್ನು ಕೆಲವರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ, ತಮ್ಮ ಮುಖ ಅದರೊಳಗೆ ಉಳಿದೀತೆಂಬ ಅಳುಕು ಅವರಿಗೆ. ಮೂರನೆಯ ಬಗೆಯವರನ್ನು ಕಳ್ಳರೆನ್ನಲು ನಮಗೆ ಬಾಯಿ ಬರುವುದಿಲ್ಲ. ಸೌದೆಗೆ ಹೋಗುವ ಹೆಂಗಸರೂ ಆಡು ಮೇಯಿಸುವ ಹುಡುಗರೂ ಆ ಹಾದಿಯಲ್ಲಿಯೇ ಓಡಾಡುವರು. ತಮ್ಮನ್ನು ಕೇಳದೆ ತಮ್ಮ ಚಿತ್ರ ತೆಗೆಯುವ ಕಣ್ಣೊಂದು ಪೊದೆಯಲ್ಲಿ ಕುಳಿತಿದೆಯೆಂದರೆ ಯಾವ ಮರ್ಯಾದಸ್ಥರಿಗೆ ಸಂಕೋಚವಾಗದು? ಆ ಹಳ್ಳಿಯ ಗೃಹಿಣಿಯೊಬ್ಬರು, “ಪ್ರಾಣೀನ ನೋಡೋಕೆ ಇಟ್ಟಿದ್ದೀವಿ ಅಂತಾರೆ, ನಮ್ಮನ್ನ ನೋಡಲ್ಲ ಅಂತ ಯಾರು ಹೇಳ್ತಾರೆ?” ಎಂದು ನಮ್ಮನ್ನೇ ಕೇಳಿದರು. ನಾವು ನಿರುತ್ತರರಾದೆವು. ಮೊದಲು ಊರಿಗೆ ಹೋಗಿ, ಪೆಟ್ಟಿಗೆಯನ್ನು ಬಿಚ್ಚಿ ತೋರಿಸಿ, ಮನುಷ್ಯರ ಚಿತ್ರಗಳನ್ನು ಅಳಿಸಿಹಾಕುವೆವೆಂದು ಮಾತು ಕೊಟ್ಟು, ಆ ಮಾತನ್ನು ಉಳಿಸಿಕೊಂಡರೆ ಸರಪಣಿಗಿಂತಲೂ ಅದೇ ಬಲವಾದ ಬೀಗವೆಂದು ನಮ್ಮ ಅಭಿಪ್ರಾಯ.

ಅದೇ ಕಾವಲುಗಾರರು ತಮ್ಮ ಚೀಲದಿಂದ ಸುರುಳಿ ಸುತ್ತಿದ ತಂತಿಗಳನ್ನು ತೆಗೆದು ತೋರಿಸಿದರು. ಮೋಟಾರು ಸೈಕಲ್ಲಿನ ಕ್ಲಚ್ಚಿನ ತಂತಿಗಳು. ಒಂದು ತುದಿಯಲ್ಲಿ ಜಾರುಗಂಟು. ಹಂದಿಗೆಂದು ಒಡ್ಡಿದ ಇಂತಹ ಉರುಲಿಗೆ ಚಿರತೆ ಸಿಕ್ಕಿದರೆ ಅದು ಎಳೆದಷ್ಟೂ ಕುಣಿಕೆ ಬಿಗಿಯುವುದು. ತಂತಿ ಸೊಂಟದ ಮಾಂಸಕ್ಕಿಳಿಯುವುದು. ವೈದ್ಯರು ಬಂದು ಅರಿವಳಿಕೆಯ ಸೂಜಿ ಹಾರಿಸಿ ಬಿಡಿಸುವವರೆಗೆ ಅದಕ್ಕೆ ಬಿಡುಗಡೆಯಿಲ್ಲ. ಬಿಡಿಸಿದ ಮೇಲೂ ಬದುಕುವ ಭರವಸೆಯಿಲ್ಲ. ಈ ತಂತಿಗಳನ್ನು ಹುಡುಕಿ ಕಿತ್ತು ತರುವುದೇ ಕಾವಲುಗಾರರ ನಿತ್ಯದ ಕೆಲಸ. “ನಾವೂ ಒಂಥರಾ ಕಳ್ಳರೇ ಸ್ವಾಮಿ, ಅವರು ಇಟ್ಟಿದ್ದನ್ನ ಹೇಳದೆ ಕೇಳದೆ ತರ್ತೀವಿ” ಎಂದು ನಕ್ಕರು. ಕಾಯಿದೆಯು ಅವರನ್ನು ಕಳ್ಳರೆನ್ನುವುದಿಲ್ಲ. ಅಪರಾಧಕ್ಕೆ ಬಳಸಿ ವಶವಾದ ಉರುಲೂ ಆಯುಧವೂ ಸರ್ಕಾರದ ಸ್ವತ್ತಾಗುವುವು. ಕ್ಯಾಮೆರಾವನ್ನು ಒಯ್ದವನಾದರೋ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಕಳವಿನ ಅಪರಾಧಿಯಾಗುವನು. ಕಾಡಿನಲ್ಲಿ ಒಡೆಯನಿಲ್ಲದೆ ಬಿದ್ದಿತ್ತೆಂಬ ಸಮಜಾಯಿಷಿ ಅಲ್ಲಿ ನಡೆಯದು.

ಭಾನುವಾರಗಳಲ್ಲಿ ಮಕ್ಕಳುಮರಿಗಳೊಡನೆ ಮಾಕಳಿದುರ್ಗವನ್ನೋ ಶಿವಗಂಗೆಯನ್ನೋ ಏರುವ ಸಂಸಾರಸ್ಥರು ಈಗ ಬಹುಮಂದಿ. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಮರಕ್ಕೆ ಕಟ್ಟಿದ ಪೆಟ್ಟಿಗೆಯೊಂದು ಕಂಡರೆ ಅದನ್ನು ಮುಟ್ಟದೆ ಮುಂದೆ ಸಾಗಿರಿ. ಮಕ್ಕಳಿಗೆ ಅದೇನೆಂಬುದನ್ನು ಅಲ್ಲಿಯೇ ತಿಳಿಸಿಹೇಳಿರಿ. ಬೇಲಿಯ ಸಂದಿಯಲ್ಲಿಯೋ ಹಂದಿಯ ಜಾಡಿನಲ್ಲಿಯೋ ತಂತಿಯ ಕುಣಿಕೆ ಕಂಡರೆ ಆ ಜಾಗವನ್ನು ಗುರುತಿಟ್ಟುಕೊಂಡು ಸಮೀಪದ ಅರಣ್ಯ ಕಚೇರಿಗೆ ತಿಳಿಸಿರಿ. ಇಲಾಖೆಯ ಸಹಾಯವಾಣಿಗೆ ೧೯೨೬ ಎಂಬ ಸಂಖ್ಯೆಯಿದೆ. ಅದರಲ್ಲಿ ಪ್ರಾಣಿಯೇನಾದರೂ ಸಿಕ್ಕಿದ್ದರೆ ಹತ್ತಿರ ಹೋಗದೆ, ಗುಂಪು ಸೇರದೆ ದೂರ ನಿಲ್ಲಿರಿ. ಜನರ ಗದ್ದಲಕ್ಕೆ ಬೆದರಿ ಎಳೆದಾಡಿದಷ್ಟೂ ಕುಣಿಕೆಯೇ ಅದರ ಪ್ರಾಣ ತೆಗೆಯುವುದು. ಇಷ್ಟನ್ನು ನಡೆಸಿದರೆ ಆ ಬೆಟ್ಟಗಳ ರಾತ್ರಿಯ ಸಂಚಾರಿಗಳಿಗೆ ನಾವು ಒಳ್ಳೆಯ ನೆರೆಹೊರೆಯವರಾಗಬಹುದು.