ಪುರಭವನದ ಮುಂದೆ ಮೂರು ಸೆಕೆಂಡು

ಬೆಂಗಳೂರು ನೋಡಲು ಬಂದವರು ವಿಧಾನಸೌಧ, ಲಾಲ್‌ಬಾಗ್ ಸುತ್ತಿ ಊರಿಗೆ ಮರಳುತ್ತಾರೆ. 1935ರಲ್ಲಿ ಕಟ್ಟಿದ ಪುಟ್ಟಣ್ಣ ಚೆಟ್ಟಿ ಪುರಭವನದ ಮೆಟ್ಟಿಲ ಬಳಿ ಹತ್ತು ನಿಮಿಷ ನಿಂತರೆ ಶಾಲೆಯ ಚಲನೆಯ ಪಾಠವೂ ಕಣ್ಣೆದುರೇ ಕಾಣುತ್ತದೆ. ಜೆ.ಸಿ. ರಸ್ತೆಯಿಂದ ವಾಹನಗಳ ಹೊಳೆಯೇ ಹರಿದುಬರುತ್ತದೆ. ಕೆಂಪು ದೀಪ ಬಿದ್ದೊಡನೆ ಕಟ್ಟೆ ಹಾಕಿದಂತೆ ನಿಲ್ಲುತ್ತದೆ.

ಈ ದೀಪಗಳ ಹಿಂದೆ ಒಂದು ಲೆಕ್ಕವಿದೆ. ಯಾವ ರಸ್ತೆಯಲ್ಲಿ ವಾಹನ ಹೆಚ್ಚೋ ಅದಕ್ಕೆ ಹಸಿರಿನ ಪಾಲು ಹೆಚ್ಚು. ಆದರೆ ಸರದಿ ಬದಲಾದಾಗಲೆಲ್ಲ, ನಿಂತವರು ಹೊರಡಲು, ಹೊರಟವರು ದಾಟಲು ಸುಮಾರು 4 ಸೆಕೆಂಡು ವ್ಯರ್ಥವಾಗುತ್ತದೆ. ನಾಲ್ಕು ರಸ್ತೆ ಕೂಡುವಲ್ಲಿ ಒಂದು ಸುತ್ತಿಗೆ 16 ಸೆಕೆಂಡು. ಸುತ್ತು 60 ಸೆಕೆಂಡಿನದಾದರೆ ಕಾಲು ಭಾಗಕ್ಕೂ ಹೆಚ್ಚು ನಷ್ಟ. 120 ಸೆಕೆಂಡಿನದಾದರೆ ನಷ್ಟದ ಪಾಲು ಅರ್ಧಕ್ಕಿಳಿಯುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಸುತ್ತನ್ನು ಉದ್ದ ಮಾಡುವುದು ಇದಕ್ಕೇ. ಆಗ ಪಾದಚಾರಿ ಕಾಯಬೇಕಾದ ಕಾಲವೂ ಉದ್ದವಾಗುತ್ತದೆ.

2024ರಿಂದ ನಗರದ ಅನೇಕ ವೃತ್ತಗಳಿಗೆ, ಕ್ಯಾಮೆರಾ ಮೂಲಕ ವಾಹನಗಳನ್ನು ಗಮನಿಸಿ ಹಸಿರಿನ ಅವಧಿಯನ್ನು ತಾನೇ ಹೊಂದಿಸುವ ವ್ಯವಸ್ಥೆ ಬಂದಿದೆ. ಅಗತ್ಯ ಬಿದ್ದಾಗ ಪೊಲೀಸರು ಕೈಯಿಂದಲೂ ದೀಪ ಬದಲಿಸುತ್ತಾರೆ. ಆದರೆ ಹಳದಿ ದೀಪದ ಲೆಕ್ಕ ಸವಾರನ ಕೈಯಲ್ಲೂ ಇದೆ.

ಹಳದಿ ಸಾಮಾನ್ಯವಾಗಿ 3 ಸೆಕೆಂಡು ಇರುತ್ತದೆ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ದೀಪ ಕಂಡು ಬ್ರೇಕ್ ಒತ್ತುವ ಒಂದು ಸೆಕೆಂಡಿನಲ್ಲಿ ವಾಹನ 11 ಮೀಟರ್ ಸಾಗಿರುತ್ತದೆ. ಹದವಾಗಿ ಬ್ರೇಕ್ ಹಾಕಿ ನಿಲ್ಲಲು ಇನ್ನೂ 20 ಮೀಟರ್ ಬೇಕು. ಒಟ್ಟು 31. ಅದೇ ವೇಗದಲ್ಲಿ 3 ಸೆಕೆಂಡಿಗೆ ಸಾಗುವ ದೂರ 33 ಮೀಟರ್. ಅಂದರೆ ದೂರವಿದ್ದವನು ನಿಲ್ಲಬಹುದು, ಹತ್ತಿರವಿದ್ದವನು ಕೆಂಪು ಬೀಳುವ ಮೊದಲೇ ಗೆರೆ ದಾಟಬಹುದು. ವೇಗ 60ಕ್ಕೇರಲಿ: ನಿಲ್ಲಲು 63 ಮೀಟರ್ ಬೇಕು, 3 ಸೆಕೆಂಡಿಗೆ ಸಾಗುವುದು 50 ಮಾತ್ರ. ಗೆರೆಯಿಂದ 55 ಮೀಟರ್ ದೂರದಲ್ಲಿರುವವನು ಸುರಕ್ಷಿತವಾಗಿ ನಿಲ್ಲಲಾರ, ಸಮಯಕ್ಕೆ ದಾಟಲಾರ.

ಅವನೆದುರು ರಸ್ತೆಗಿಳಿದಿರುವವರು ಪಾದಚಾರಿಗಳು. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೇ 18 ಮೀಟರ್ ಅಗಲದ ರಸ್ತೆ ದಾಟಲು 15 ಸೆಕೆಂಡು ಬೇಕು. ಮೊಮ್ಮಗಳ ಕೈ ಹಿಡಿದ ಅಜ್ಜಿಗೆ ಇನ್ನೂ ಹೆಚ್ಚು.

ಹಳದಿ ಕಂಡೊಡನೆ ಅಪ್ಪ ಸ್ಕೂಟರಿನ ವೇಗ ತಗ್ಗಿಸುತ್ತಾರೋ, ಏರಿಸುತ್ತಾರೋ? ಹಿಂದೆ ಕುಳಿತ ಮಗ ಅದನ್ನು ದಿನವೂ ನೋಡುತ್ತಿರುತ್ತಾನೆ. ಮುಂದೊಂದು ದಿನ ಸ್ಕೂಟರಿನ ಹಿಡಿ ಅವನ ಕೈಗೇ ಬರುತ್ತದೆ.