ಆರು ಹೊತ್ತು ಉಂಡವನು

ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ, ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ ಎಂದು ನಮ್ಮ ಹಿರಿಯರು ನಾಣ್ಣುಡಿ ಕಟ್ಟಿಟ್ಟು ಹೋದರು. ಆರು ಹೊತ್ತು ಉಂಡವನ ಗತಿ ಏನೆಂಬುದನ್ನು ಮಾತ್ರ ಹೇಳಲಿಲ್ಲ. ಅಂಥ ಪ್ರಾಣಿಯೊಂದು ಹುಟ್ಟೀತೆಂಬ ಊಹೆಯೇ ಅವರಿಗೆ ಇದ್ದಿರಲಾರದು. ವಾಚಕ ಮಹಾಶಯರಲ್ಲಿ ನನ್ನ ಅರಿಕೆಯೇನೆಂದರೆ, ಆ ಪ್ರಾಣಿ ನಾನೇ. ಕಳೆದ ಹದಿನಾಲ್ಕು ತಿಂಗಳಿಂದ ದಿನಕ್ಕೆ ಆರು ಹೊತ್ತು ಉಣ್ಣುತ್ತಿದ್ದೇನೆ. ಇದುವರೆಗೆ ಯಾರೂ ನನ್ನನ್ನು ಹೊತ್ತುಕೊಂಡು ಹೋಗಿಲ್ಲ. ಹೊರುವ ಮನಸ್ಸು ಯಾರಿಗಾದರೂ ಬಂದರೂ ಅವರಿಗೆ ಮೊದಲಿನಷ್ಟು ಶ್ರಮವಿಲ್ಲ. ಅಂದು ೧೨೪ ಕಿಲೋ ತೂಗುತ್ತಿದ್ದವನು ಇಂದು ೮೮ ಕಿಲೋಗೆ ಇಳಿದಿದ್ದೇನೆ.

ಐದಡಿ ಆರಂಗುಲದ ಆಳಿಗೆ ೧೨೪ ಕಿಲೋ ಭಾರವೆಂಬುದು ಒಂದು ದಿನದ ಸಂಪಾದನೆಯಲ್ಲ. ಅದಕ್ಕೆ ಮೂವತ್ತು ವರ್ಷಗಳ ನಿಷ್ಠೆ ಬೇಕು. ಕಾಲೇಜಿನ ಮೊದಲ ಮಹಡಿಯ ತರಗತಿಗೆ ಹತ್ತಿಹೋದವನು, ಹಾಜರಿ ಕರೆಯುವ ಮುನ್ನ ಮೇಜಿಗೆ ಒರಗಿ, ಕನ್ನಡಕ ಒರೆಸುವ ನೆವದಿಂದ ಉಸಿರನ್ನು ಹಿಂದಕ್ಕೆ ಕರೆದುಕೊಳ್ಳುತ್ತಿದ್ದೆ. ಬಕಾಸುರವಧೆಯ ಪ್ರಸಂಗವನ್ನು ಹೇಳುವಾಗ, ಭೀಮಸೇನನು ಬಂಡಿಯನ್ನವನ್ನು ಬರಿದುಮಾಡುವ ಭಾಗ ಬಂದೊಡನೆ ಹಿಂದಿನ ಬೆಂಚಿನಿಂದ ಕಿಸಕ್ಕೆಂಬ ಸದ್ದು ಕೇಳಿಸುತ್ತಿತ್ತು. ನಾನೂ ನಗುತ್ತಿದ್ದೆ. ದಪ್ಪನೆಯವನು ಬಾಲ್ಯದಲ್ಲಿಯೇ ಕಲಿಯುವ ವಿದ್ಯೆಯದು: ಇತರರು ನಗುವ ಮೊದಲೇ ತಾನು ನಕ್ಕುಬಿಡುವುದು.

ನಗಲಾರದ ಸಂಗತಿಯೊಂದಿತ್ತು. ನನ್ನ ತಂದೆಯವರನ್ನು ಸಕ್ಕರೆಯ ಕಾಯಿಲೆ ಕಂತುಕಂತಾಗಿ ಒಯ್ದಿತು. ಮೊದಲು ಕಾಲಿನ ಬೆರಳು, ಆಮೇಲೆ ಪಾದ, ಕಡೆಗೆ ಮೂತ್ರಪಿಂಡ. ತೀರಿಕೊಂಡಾಗ ಅವರಿಗೆ ಐವತ್ತಾರು. ನನಗೆ ಮೂವತ್ತನಾಲ್ಕು ತುಂಬುವ ಹೊತ್ತಿಗೆ ಅದೇ ಕಾಯಿಲೆ ನನ್ನ ರಕ್ತದಲ್ಲಿಯೂ ಕಾಣಿಸಿಕೊಂಡಿತು. ರಾತ್ರಿ ಗೊರಕೆಯ ನಡುವೆ ನನ್ನ ಉಸಿರು ನಿಂತುಹೋಗುತ್ತಿತ್ತಂತೆ. ನನ್ನ ಹೆಂಡತಿ ಎದ್ದು ಕುಳಿತು, ಅದು ಮತ್ತೆ ಹೊರಡುವವರೆಗೆ ಎಣಿಸುತ್ತಿದ್ದಳೆಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ನಾನು ಮಾಡದ ಪಥ್ಯವಿರಲಿಲ್ಲ. ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಸೋಮವಾರ ಶನಿವಾರಗಳೆರಡನ್ನೂ ದೇವರಿಗೆ ಕೊಟ್ಟೆ. ಆರು ತಿಂಗಳಲ್ಲಿ ಇಳಿದ ಹತ್ತು ಕಿಲೋ ಮುಂದಿನ ಆರು ತಿಂಗಳಲ್ಲಿ ಬಡ್ಡಿ ಸಮೇತ ಹಿಂದಿರುಗುತ್ತಿತ್ತು. ಇದನ್ನೆಲ್ಲ ನನ್ನ ಮನೋದೌರ್ಬಲ್ಯವೆಂದೇ ತಿಳಿದಿದ್ದೆ. ಬೆಂಗಳೂರಿನ ಆಸ್ಪತ್ರೆಯೊಂದರ ಶಸ್ತ್ರವೈದ್ಯರು ಬೇರೊಂದು ಮಾತು ಹೇಳಿದರು. ದೇಹವು ತಾನು ಒಮ್ಮೆ ತಲುಪಿದ ತೂಕವನ್ನು ಜಿಪುಣನು ಗಂಟನ್ನು ಕಾಯುವಂತೆ ಕಾಯುತ್ತದೆ. ಉಪವಾಸ ಮಾಡಿದಷ್ಟೂ ಹಸಿವಿನ ಕೂಗು ಹೆಚ್ಚುತ್ತದೆ. ಆ ಕೂಗಿಗೆ ಕಾರಣವಾದ ರಸವೊಂದಕ್ಕೆ ಗ್ರೆಲಿನ್ ಎಂದು ಹೆಸರು. ೧೯೯೯ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಎಂಬ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಅದರ ಬಹುಪಾಲು ಹುಟ್ಟುವುದು ಜಠರದ ಮೇಲ್ಭಾಗದ ಗುಮ್ಮಟದಲ್ಲಿ.

ಶಸ್ತ್ರಕ್ರಿಯೆಯಲ್ಲಿ ತೆಗೆದುಹಾಕುವುದು ಮುಖ್ಯವಾಗಿ ಆ ಗುಮ್ಮಟವನ್ನೇ. ಸ್ಲೀವ್ ಎಂದು ಅದಕ್ಕೆ ಹೆಸರು. ಕುಪ್ಪಸದ ತೋಳು ಎಂದು ಅರ್ಥ. ಜಠರದ ನಾಲ್ಕರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚನ್ನು ಕತ್ತರಿಸಿ, ಉಳಿದುದನ್ನು ಬಾಳೆಯಕಾಯಿಯ ಆಕಾರದ ಕೊಳವೆಯಾಗಿ ಹೊಲಿದುಬಿಡುತ್ತಾರೆ. ಹೊಟ್ಟೆಯ ಕೊಬ್ಬನ್ನು ಕೊಯ್ದು ತೆಗೆಯುವುದೆಂದು ನಾನು ಭಾವಿಸಿದ್ದೆ. ಕೊಬ್ಬನ್ನು ಅವರು ಮುಟ್ಟುವುದೇ ಇಲ್ಲ. ಹುಣ್ಣಿಗಾಗಿ ಜಠರದ ಭಾಗವನ್ನು ಕಳೆದುಕೊಂಡ ರೋಗಿಗಳು ಮತ್ತೆ ದಪ್ಪಗಾಗದಿರುವುದನ್ನು ಗಮನಿಸಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ವೈದ್ಯರು ೧೯೬೬ರಲ್ಲಿ ಸ್ಥೂಲಕಾಯರಿಗಾಗಿಯೇ ಜಠರದ ಬೈಪಾಸ್ ಶಸ್ತ್ರಕ್ರಿಯೆಯನ್ನು ಆರಂಭಿಸಿದರಂತೆ. ನನ್ನದು ಅದರ ಕಿರಿಯ ತಲೆಮಾರಿನದು.

ಶಸ್ತ್ರಕ್ರಿಯೆಗೆ ಮೊದಲು ಎರಡು ವಾರ ಬಹುತೇಕ ದ್ರವಾಹಾರ. ಕೊಬ್ಬಿನಿಂದ ಊದಿಕೊಂಡ ಯಕೃತ್ತು ಕುಗ್ಗಿದರೆ ವೈದ್ಯರ ಕೈಗೆ ದಾರಿ ಸುಗಮ. ಹೊಟ್ಟೆಯ ಮೇಲೆ ಐದು ಸಣ್ಣ ರಂಧ್ರ ಮಾಡಿ, ದೀಪವನ್ನೂ ಕತ್ತರಿಯನ್ನೂ ಒಳಕ್ಕೆ ಕಳುಹಿಸಿ, ಎರಡು ಗಂಟೆಯೊಳಗೆ ಕೆಲಸ ಮುಗಿಸಿದರು. ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಅದೇ ಸಂಜೆ ನನ್ನನ್ನು ಎಬ್ಬಿಸಿ ನಡೆಸಿದರು.

ಇಲ್ಲೊಂದು ತಪ್ಪೊಪ್ಪಿಗೆ. ಮನೆಯ ಮೂವರ ಹೊರತು ಯಾರಿಗೂ ನಾನು ನಿಜ ಹೇಳಲಿಲ್ಲ. ಕಾಲೇಜಿನಲ್ಲಿ ಹರ್ನಿಯಾ ಎಂದೆ. ಉಣ್ಣುವುದನ್ನು ತಾನಾಗಿ ನಿಲ್ಲಿಸಲಾರದೆ ಹೊಟ್ಟೆಯನ್ನೇ ಕತ್ತರಿಸಿಕೊಂಡವನೆಂದು ನಾಲ್ಕು ಜನ ಆಡಿಕೊಳ್ಳುವುದು ಬೇಡವಾಗಿತ್ತು. ಈ ಸುಳ್ಳಿನ ಫಲವನ್ನು ಮುಂದೆ ಹೇಳುತ್ತೇನೆ.

ಮನೆಗೆ ಬಂದಾಗ ಪಥ್ಯದ ಪಟ್ಟಿಯೊಂದು ನನ್ನ ಕೈಯಲ್ಲಿತ್ತು. ಮೊದಲು ತಿಳಿಯಾದ ದ್ರವ: ಸೋಸಿದ ಸಾರಿನ ತಿಳಿ, ಎಳನೀರು, ನೀರುಮಜ್ಜಿಗೆ. ಎರಡನೆಯ ವಾರ ಮುಗಿಯುವವರೆಗೆ ಹಾಲು, ಬೇಳೆಯ ಕಟ್ಟು, ತೆಳ್ಳನೆಯ ರಾಗಿ ಗಂಜಿ. ಮೂರು ನಾಲ್ಕನೆಯ ವಾರ ನುಣ್ಣಗೆ ಅರೆದುದು ಮಾತ್ರ. ಐದು ಆರನೆಯ ವಾರ ಮೆತ್ತನೆಯ ಇಡ್ಲಿ, ಪನೀರು, ಬೆಂದ ತರಕಾರಿ. ಎರಡು ತಿಂಗಳು ಕಳೆದಮೇಲೆ ಮನೆಮಂದಿಯ ಊಟ, ಅಂಗೈಯಷ್ಟು. ಮೊದಲ ದಿನಗಳಲ್ಲಿ ಒಮ್ಮೆಗೆ ೩೦ ಮಿಲಿಲೀಟರು. ಅದನ್ನೂ ಗುಟುಕರಿಸುತ್ತ ಕಾಲು ಗಂಟೆ ಕುಡಿಯಬೇಕು.

ಪಟ್ಟಿಯನ್ನು ಓದಿಸಿ ಕೇಳಿದ ನನ್ನ ತಾಯಿ ಏನೂ ಹೇಳದೆ ಒಳಗೆ ಹೋದರು. ಅಟ್ಟದ ಪೆಟ್ಟಿಗೆಯಿಂದ ಒಂದು ಬೆಳ್ಳಿಯ ಒಳಲೆಯನ್ನು ತೆಗೆದು, ಹುಣಿಸೆಹಣ್ಣಿನಿಂದ ಉಜ್ಜಿ ತಂದರು. ನಾನು ಕೂಸಾಗಿದ್ದಾಗ ಹಾಲು ಕುಡಿಸಿದ ಒಳಲೆ ಅದು. ಅಳೆದು ನೋಡಿದರೆ ಎರಡು ಒಳಲೆಗೆ ಸರಿಯಾಗಿ ೩೦ ಮಿಲಿಲೀಟರು! “ಮೊದಲು ಹಾಲು, ಆಮೇಲೆ ಗಂಜಿ, ಆಮೇಲೆ ಮಿದ್ದ ಅನ್ನ, ನಿನ್ನ ಡಾಕ್ಟರು ಹೇಳಿರುವುದು ನನಗೆ ಹೊಸದಲ್ಲ. ಒಂದು ಸಲ ಮಾಡಿದ್ದೇನೆ, ಇನ್ನೊಂದು ಸಲ ಮಾಡುತ್ತೇನೆ” ಎಂದರು. ಮೂವತ್ತಾರು ವರ್ಷದ ಕನ್ನಡ ಎಂ.ಎ.ಗೆ ಹೀಗೆ ಎರಡನೆಯ ಅನ್ನಪ್ರಾಶನವಾಯಿತು.

ಹೇಳಿದಷ್ಟು ಸುಲಭವಾಗಿ ಅವರಿಗೆ ಇದು ಒಗ್ಗಲಿಲ್ಲ. ತಂದೆಯವರು ಹೋದಮೇಲೆ ಅವರ ಲೋಕವೆಲ್ಲ ಅಡುಗೆಯ ಮನೆಯಲ್ಲಿತ್ತು. “ಇನ್ನೊಂದು ಸ್ವಲ್ಪ” ಎಂಬ ಎರಡು ಪದಗಳಲ್ಲಿಯೇ ಅವರು ಮಗನನ್ನು ಬೆಳೆಸಿದವರು. ಈಗ ಆ ಪದಗಳೇ ನಿಷಿದ್ಧವಾದುವು. ಐದನೆಯ ವಾರ ಒಂದು ಬೆಳಗ್ಗೆ ಅವರು ಅವರೆಕಾಳು ಹಾಕಿದ ಅಕ್ಕಿರೊಟ್ಟಿ ತಟ್ಟಿದರು. ನನಗಲ್ಲ, ಉಳಿದವರಿಗೆ. ಪರಿಮಳ ಓದುವ ಕೋಣೆಗೆ ಬಂದಿತು. ಎದ್ದುಹೋಗಿ, ಒಂದು ಚೂರು ಮುರಿದು, ಅಗಿದೂ ಅಗಿಯದೆ ನುಂಗಿದೆ, ಮೇಲೆ ಇನ್ನೊಂದು. ಪ್ರತಿಯೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕೆಂಬ ವಿಧಿಯನ್ನು ಮರೆತಿದ್ದೆ. ಎರಡೇ ನಿಮಿಷದಲ್ಲಿ ಎದೆಯ ನಡುವೆ ಕಲ್ಲು ಕುಳಿತಂತಾಯಿತು. ಬಾಯಿತುಂಬ ನೊರೆನೊರೆಯಾದ ಜೊಲ್ಲು, ಆಮೇಲೆ ವಾಂತಿ. ಅರ್ಧ ಗಂಟೆ ಬಚ್ಚಲಿನ ಗೋಡೆ ಹಿಡಿದು ನಿಂತಿದ್ದೆ. ಹಿಂದಿರುಗಿ ಬಂದಾಗ ತಾಯಿ ಒಲೆ ಆರಿಸಿ, ಹಿಟ್ಟಿನ ಮುಂದೆ ಕುಳಿತು ಅಳುತ್ತಿದ್ದರು. “ನನ್ನ ಕೈಯ ಅಡುಗೆಯೇ ನಿನಗೆ ವಿಷವಾಯಿತಲ್ಲ” ಎಂಬುದೊಂದೇ ಮಾತು. ತಪ್ಪು ರೊಟ್ಟಿಯದಲ್ಲ, ನನ್ನ ಆತುರದ್ದು ಎಂದು ಎಷ್ಟು ಹೇಳಿದರೂ ಆ ದಿನ ಅವರು ಊಟ ಮಾಡಲಿಲ್ಲ.

ಮರುದಿನ ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ಒಂದು ಸಣ್ಣ ತಕ್ಕಡಿಯನ್ನೂ ಒಂದು ನೋಟುಪುಸ್ತಕವನ್ನೂ ಅತ್ತೆಯ ಕೈಗೆ ಕೊಟ್ಟು, “ದಿನಕ್ಕೆ ೬೦ ಗ್ರಾಂ ಪ್ರೋಟೀನು ಇವರ ಹೊಟ್ಟೆಗೆ ಹೋಗಬೇಕು. ಕಡಿಮೆಯಾದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ನನಗೆ ಲೆಕ್ಕ ಬಾರದು, ನೀವೇ ನೋಡಿಕೊಳ್ಳಿ” ಎಂದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು! ತಾಯಿ ಆ ಸುಳ್ಳನ್ನು ಸಂತೋಷದಿಂದ ನಂಬಿದರು. ನೂರು ಗ್ರಾಂ ಪನೀರಿಗೆ ಹದಿನೆಂಟು, ಅರ್ಧ ಲೀಟರು ಹಾಲಿಗೆ ಹದಿನಾರು, ಐವತ್ತು ಗ್ರಾಂ ಹೆಸರುಕಾಳಿಗೆ ಹನ್ನೆರಡು, ಒಂದು ದೊಡ್ಡ ಬಟ್ಟಲು ಮೊಸರಿಗೆ ಏಳು. ಕೊರತೆ ಬಿದ್ದದ್ದಕ್ಕೆ ಮಜ್ಜಿಗೆಯಲ್ಲಿ ಕದಡಿದ ಪ್ರೋಟೀನಿನ ಪುಡಿ. ತಟ್ಟೆಯಲ್ಲಿ ಮೊದಲು ಕಾಳು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಇಷ್ಟನ್ನು ಅಂಗೈಯಗಲದ ಹೊಟ್ಟೆಯಲ್ಲಿ ಇರಿಸಬೇಕಾದರೆ ಆರು ಹೊತ್ತು ಬೇಕೇ ಬೇಕು. ಊಟದ ನಡುವೆ ನೀರಿಲ್ಲ. ಊಟವಾದ ಅರ್ಧ ಗಂಟೆಯ ಮೇಲೆ ಗುಟುಕುಗುಟುಕಾಗಿ, ದಿನಕ್ಕೆ ಒಂದೂವರೆ ಲೀಟರು. ಬಿ-೧೨, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ತ್ವ ಇವು ಜೀವವಿರುವವರೆಗೆ. ಅದರಲ್ಲಿಯೂ ಕಬ್ಬಿಣಕ್ಕೂ ಕ್ಯಾಲ್ಸಿಯಮ್ಮಿಗೂ ಎರಡು ಗಂಟೆಯ ಅಂತರವಿರಬೇಕು. ಅತ್ತೆ ಸೊಸೆಯರಂತೆ ಅವೆರಡನ್ನೂ ಒಟ್ಟಿಗೆ ಕೂಡಿಸಬಾರದೆಂದು ತಾಯಿಯೇ ಹಾಸ್ಯ ಮಾಡಿದ ದಿನ, ಮನೆಗೆ ಮತ್ತೆ ಬೆಳಕು ಬಂದಿತು.

ಮೂರನೆಯ ತಿಂಗಳು ರಕ್ತದ ಸಕ್ಕರೆ ಹತೋಟಿಗೆ ಬಂದು ವೈದ್ಯರು ಮಾತ್ರೆ ಬಿಡಿಸಿದರು. ಉಸಿರನ್ನು ಎಣಿಸುವ ಕೆಲಸದಿಂದ ನನ್ನ ಹೆಂಡತಿಗೆ ನಿವೃತ್ತಿಯಾಯಿತು. ನಾಲ್ಕನೆಯ ತಿಂಗಳು ಬಾಚಣಿಗೆ ತುಂಬ ಕೂದಲು ಬರತೊಡಗಿತು. ತೂಕ ಬೇಗನೆ ಇಳಿದಾಗ ಹೀಗಾಗುವುದುಂಟು, ಮತ್ತೆ ಬೆಳೆಯುತ್ತದೆ ಎಂದರು. ಹಾಗೆಯೇ ಆಯಿತು. ಆದರೆ ಒಂದು ದುಃಖವನ್ನು ಯಾವ ಪಟ್ಟಿಯೂ ಹೇಳಿರಲಿಲ್ಲ. ಬೇಸರವಾದಾಗ, ಮೌಲ್ಯಮಾಪನದ ರಾತ್ರಿಗಳಲ್ಲಿ, ತಂದೆಯವರ ನೆನಪಾದಾಗ, ನನ್ನ ಪಕ್ಕದಲ್ಲಿ ಕುಳಿತು ಸಂತೈಸುತ್ತಿದ್ದ ಗೆಳೆಯನೆಂದರೆ ತಿಂಡಿಯ ತಟ್ಟೆ. ಆ ಗೆಳೆಯ ಊರು ಬಿಟ್ಟು ಹೋದ. ಹೊಟ್ಟೆಯನ್ನು ಕತ್ತರಿಸಿದರೂ ಆಸೆಯನ್ನು ಕತ್ತರಿಸುವ ಶಸ್ತ್ರ ಇನ್ನೂ ಬಂದಿಲ್ಲ. ಒಂದೆರಡು ವರ್ಷದ ಮೇಲೆ ಹಸಿವೂ ತಕ್ಕಮಟ್ಟಿಗೆ ಹಿಂದಿರುಗೀತು, ಎಚ್ಚರ ತಪ್ಪಿದರೆ ತೂಕವೂ ಬಂದೀತು ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಶಸ್ತ್ರಕ್ರಿಯೆ ಊರುಗೋಲು, ನಡೆಯಬೇಕಾದವನು ನಾನು.

ಇನ್ನು ಆ ಸುಳ್ಳಿನ ಫಲ. ಬಂಧುಗಳ ಮದುವೆಯೊಂದರಲ್ಲಿ ಬಾಳೆಯೆಲೆಯ ಮುಂದೆ ಕುಳಿತು ಕೋಸಂಬರಿಯನ್ನಷ್ಟೇ ತಿಂದು ಎದ್ದೆ. ನನಗೆ ಮಹಾರೋಗವೇನೋ ಬಂದಿರಬೇಕೆಂದು ಪಂಕ್ತಿಯಲ್ಲಿ ಪಿಸುಮಾತು ಹಬ್ಬಿತು. ಅದಾದರೂ ನನ್ನೊಬ್ಬನ ಪಾಲಿನದು. ನನ್ನ ತರಗತಿಯಲ್ಲಿ ನನ್ನಂತೆಯೇ ಮೈ ತುಂಬಿದ ಹುಡುಗನೊಬ್ಬನಿದ್ದ. ಒಂದು ದಿನ ಎಲ್ಲರೂ ಹೋಗುವವರೆಗೆ ಕಾದು, “ಸಾರ್, ನೀವು ಹೇಗೆ ಇಳಿಸಿದಿರಿ?” ಎಂದು ಕೇಳಿದ. ಹಿಂದಿನ ಬೆಂಚಿನ ನಗೆ ಅವನ ಬೆನ್ನಿಗೂ ತಾಗಿದ್ದುದನ್ನು ನಾನು ಬಲ್ಲೆ. ಆದರೂ, “ಮನಸ್ಸು ಗಟ್ಟಿ ಮಾಡಿದೆನಪ್ಪ. ರಾತ್ರಿ ಊಟ ಬಿಟ್ಟೆ, ನಡೆದೆ” ಎಂದೆ. ಅವನು ತಲೆಯಾಡಿಸಿ ಹೋದ. ಒಂದು ತಿಂಗಳ ಮೇಲೆ ಅವನು ಗ್ರಂಥಾಲಯದ ಮುಂದೆ ತಲೆ ಸುತ್ತಿ ಬಿದ್ದ. ನೀರು ಚಿಮುಕಿಸಿ ಎಬ್ಬಿಸಿ ಕೇಳಿದರೆ, ಎರಡು ದಿನದಿಂದ ಚಹಾದ ಹೊರತು ಏನನ್ನೂ ಮುಟ್ಟಿರಲಿಲ್ಲ. “ನಿಮ್ಮಷ್ಟು ಮನಸ್ಸು ಗಟ್ಟಿ ಇಲ್ಲ ಸಾರ್ ನನಗೆ” ಎಂದ.

ನನ್ನ ಜೀವನದಲ್ಲಿ ಯಾವ ನಗೆಯೂ ಆ ಮಾತಿನಷ್ಟು ಇರಿದಿರಲಿಲ್ಲ. ಅವನನ್ನು ಮನೆಗೆ ಕರೆದುಕೊಂಡು ಬಂದು, ಅಂಗಿ ಎತ್ತಿ ಐದು ಕಲೆಗಳನ್ನೂ ತೋರಿಸಿ ಎಲ್ಲವನ್ನೂ ಹೇಳಿದೆ. ನನ್ನ ಹಾದಿಯೇ ಅವನದೂ ಆಗಬೇಕಿಲ್ಲ. ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು. ಆದರೆ ಹಸಿವಿನೊಡನೆ ಸೋತವನು ದುರ್ಬಲನೆಂಬುದು ಸುಳ್ಳು ಎಂಬುದಿಷ್ಟು ಅವನಿಗೆ ತಿಳಿಯಬೇಕಿತ್ತು. ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಹಾಗಾದರೆ ನಿಮಗೂ ಆಗಲಿಲ್ಲವಾ ಸಾರ್?” ಎಂದ. ಅವನ ಮುಖದಲ್ಲಿ ಸಮಾಧಾನ ಕಂಡಿತು. ಮುಂದಿನ ವಾರ ಅವನ ತಂದೆಯೊಡನೆ ನಾನೂ ವೈದ್ಯರಲ್ಲಿಗೆ ಹೋಗಿಬಂದೆ. ಕಾಲೇಜಿನಲ್ಲಿ ಹರ್ನಿಯಾದ ಕಥೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಈ ಬರಹವೂ ಆ ಪ್ರಾಯಶ್ಚಿತ್ತದ ಒಂದು ಭಾಗ.

ಆ ದಿನ ಹುಡುಗ ಹೊರಡುವ ಮುನ್ನ ತಾಯಿ ಒಳಗಿನಿಂದ ಬಂದರು. ಕೈಯಲ್ಲಿ ಉಪ್ಪಿಟ್ಟಿನ ಪಾತ್ರೆ, ಸೌಟು. ಮನೆಗೆ ಬಂದವರ ತಟ್ಟೆಯನ್ನು ಕೇಳದೆಯೇ ತುಂಬುವುದು ಅವರ ಅರವತ್ತು ವರ್ಷಗಳ ಅಭ್ಯಾಸ. ಸೌಟು ತಟ್ಟೆಯ ಮೇಲೆ ಬಂದು ನಿಂತಿತು. ಅವರು ಹುಡುಗನ ಮುಖವನ್ನು ನೋಡಿ, “ಎಷ್ಟು ಬಡಿಸಲಪ್ಪ?” ಎಂದು ಕೇಳಿದರು. ಅವರು ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.